ಮುಚ್ಚಿಟ್ಟ ಟ್ಯೂಬು, ಹೇಳದ ನೋವು

ಮೊಣಕಾಲು ನೋವು, ಶುಗರ್, ಬಿ.ಪಿ., ಥೈರಾಯ್ಡ್... ಇವನ್ನೆಲ್ಲ ನಾವು ಹೆಣ್ಣುಮಕ್ಕಳು ಸಂತೆಯಲ್ಲಿ ಸೊಪ್ಪು ಆರಿಸುತ್ತಲೇ ಮಾತಾಡಿ ಮುಗಿಸುತ್ತೇವೆ. ಅದೇ ಮೂಲವ್ಯಾಧಿ ಅನ್ನಿ, ದನಿ ತಾನಾಗಿ ಇಳಿಯುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯಂಥ ಊರುಗಳಲ್ಲಿ ಮೆಡಿಕಲ್ ಶಾಪಿನವರು ಪರಿಚಯದವರೇ ಆಗಿರುತ್ತಾರೆ. ಯಜಮಾನರ ಜೊತೆ ಓದಿದವರೋ, ನಮ್ಮದೇ ಓಣಿಯವರೋ. ಅವರ ಮುಂದೆ ನಿಂತು ‘ಪೈಲ್ಸಿಗೆ ಮುಲಾಮು ಕೊಡ್ರಿ’ ಅನ್ನಲು ನಾಲಿಗೆ ಏಳುವುದಿಲ್ಲ. ಮಗನ ಕೈಗೆ ಚೀಟಿ ಕೊಟ್ಟು ತರಿಸುತ್ತೇವೆ. ಇಲ್ಲವೇ ಅತ್ತೆಯವರು ಅರ್ಧ ಬಳಸಿಟ್ಟ ಟ್ಯೂಬನ್ನೇ ಗುಟ್ಟಾಗಿ ಹಚ್ಚಿಕೊಳ್ಳುತ್ತೇವೆ. ಆಮೇಲೆ ಅದು ಬೀರುವಿನ ಸೀರೆಗಳ ಹಿಂದೆ ಸೇರುತ್ತದೆ.

ಮುಲಾಮು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಉರಿ, ತುರಿಕೆ, ನೋವಿಗೆ ಅದರಿಂದ ಖಂಡಿತ ಆರಾಮ ಸಿಗುತ್ತದೆ. ಗುಟ್ಟಾಗಿ ತಂದದ್ದನ್ನು ಎಷ್ಟು ದಿನ ಹಚ್ಚಬೇಕು ಅಂತ ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿ.

ಒಮ್ಮೆ ಆ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ ನೋಡಿ. ಲಿಗ್ನೊಕೇನ್ ಅಂತಿದ್ದರೆ ಅದು ಜಾಗವನ್ನು ಮರಗಟ್ಟಿಸುವ ಔಷಧ, ಹಲ್ಲು ಕೀಳುವಾಗ ಡಾಕ್ಟರು ಕೊಡುತ್ತಾರಲ್ಲ, ಅದೇ. ಜಿಂಕ್ ಆಕ್ಸೈಡ್ ಚರ್ಮಕ್ಕೆ ರಕ್ಷಣೆ. ಹೈಡ್ರೊಕಾರ್ಟಿಸೋನ್, ಬೆಕ್ಲೊಮೆಥಾಸೋನ್ ಅಂತಿದ್ದರೆ ಮಾತ್ರ ಎಚ್ಚರ, ಇವು ಸ್ಟೀರಾಯ್ಡ್. ಊತ ಬೇಗ ಇಳಿಸುತ್ತವೆ ನಿಜ, ಆದರೆ ವಾರಗಟ್ಟಲೆ ಹಚ್ಚಿದರೆ ಆ ಸೂಕ್ಷ್ಮ ಜಾಗದ ಚರ್ಮ ತೆಳುವಾಗುತ್ತದೆ, ಸೋಂಕು ತಗುಲುವುದೂ ಸುಲಭ. ಬೆಕ್ಲೊಮೆಥಾಸೋನ್ ಸೇರಿ 14 ಬಗೆಯ ಹಚ್ಚುವ ಸ್ಟೀರಾಯ್ಡ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಕೂಡದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ತಂದಿದೆ. ಹೀಗಿದ್ದೂ ಕೇಳಿದ ಕೂಡಲೇ ಕೊಡುವ ಅಂಗಡಿಗಳಿವೆ! ಫಿನೈಲ್‌ಎಫ್ರಿನ್ ಇರುವ ಮುಲಾಮು ರಕ್ತನಾಳ ಸಂಕುಚಿಸುತ್ತದೆ. ಬಿ.ಪಿ., ಹೃದಯದ ತೊಂದರೆ ಇದ್ದವರು ಕೇಳದೆ ಮುಟ್ಟಬೇಡಿ. ಬಸಿರಿನಲ್ಲಿ ಮೂಲವ್ಯಾಧಿ ಬರುವುದು ಬಹಳ ಸಾಮಾನ್ಯ, ಆಗಲೂ ಅಷ್ಟೇ, ಡಾಕ್ಟರನ್ನು ಕೇಳಿಯೇ ಹಚ್ಚಬೇಕು.

ಹಚ್ಚುವುದಕ್ಕೂ ಒಂದು ರೀತಿ ಇದೆ. ಅಗಲವಾದ ಬೋಗುಣಿಯಲ್ಲೋ ಪ್ಲಾಸ್ಟಿಕ್ ಟಬ್ಬಿನಲ್ಲೋ ಉಗುರುಬೆಚ್ಚಗಿನ ನೀರು ಹಾಕಿ ಹತ್ತು-ಹದಿನೈದು ನಿಮಿಷ ಕೂತುಕೊಳ್ಳಿ. ಇದಕ್ಕೆ ಮೂರು ಕಾಸಿನ ಖರ್ಚಿಲ್ಲ, ಅರ್ಧ ನೋವು ಇದರಲ್ಲೇ ಇಳಿಯುತ್ತದೆ. ಸೋಪು, ಡೆಟಾಲ್ ಬೇಡವೇ ಬೇಡ. ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬಾರದು. ಬಟಾಣಿ ಕಾಳಿನಷ್ಟು ಮುಲಾಮು ಸಾಕು. ಬೆಳಿಗ್ಗೆ ಬಹಿರ್ದೆಸೆಯಾದ ಮೇಲೆ, ರಾತ್ರಿ ಮಲಗುವಾಗ. ಹಚ್ಚುವ ಮುಂಚೆಯೂ ಆಮೇಲೂ ಕೈ ತೊಳೆಯಿರಿ. ಒಬ್ಬರ ಟ್ಯೂಬು ಇನ್ನೊಬ್ಬರಿಗೆ ಬೇಡ, ಅತ್ತೆಯದಾದರೂ ಸರಿ, ತಾಯಿಯದಾದರೂ ಸರಿ. ಏಳು ದಿನದಲ್ಲಿ ಕಡಿಮೆಯಾಗಲಿಲ್ಲವೋ, ಎರಡನೇ ಟ್ಯೂಬು ತರುವ ಬದಲು ಡಾಕ್ಟರ ಹತ್ತಿರ ಹೋಗಿ. ಚಾಕು ಹಾಕಿ ಕೊಯ್ದಂಥ ನೋವಿದ್ದರೆ ಅದು ಮೂಲವ್ಯಾಧಿಯೇ ಅಲ್ಲದೆ ಸೀಳು, ಅಂದರೆ ಫಿಶರ್ ಇರಬಹುದು. ಅದರ ಚಿಕಿತ್ಸೆ ಬೇರೆ.

‘ಎಲ್ಲಾ ಖಾರದಿಂದ’ ಅನ್ನುತ್ತಾರೆ ಹಿರಿಯರು. ನಮ್ಮ ಕಡೆ ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ಇಲ್ಲದ ಸಂಜೆ ಉಂಟೇ? ಖಾರ ಉರಿಯನ್ನು ಹೆಚ್ಚಿಸೀತು, ಆದರೆ ಮುಖ್ಯ ಕಾರಣ ಮಲಬದ್ಧತೆ, ಮುಕ್ಕಿರಿಯುವುದು. ಬೇಸಿಗೆಯಲ್ಲಿ ನಮ್ಮ ಈ ಬಯಲುಸೀಮೆ ಹೇಗೆ ಕಾಯುತ್ತದೆ ಅಂತ ನಿಮಗೇ ಗೊತ್ತು. ನಾವೋ, ಮದುವೆಗೆ, ಮೈಲಾರ ಜಾತ್ರೆಗೆ ಹೊರಟರೆ ‘ಅಲ್ಲಿ ಶೌಚಾಲಯ ಹೆಂಗೈತೋ’ ಅಂತ ನೀರೇ ಕುಡಿಯುವುದಿಲ್ಲ. ಮನೆಯಲ್ಲಿದ್ದರೂ ಎಲ್ಲರಿಗೂ ಬಡಿಸಿ ಉಳಿದದ್ದು ನಮಗೆ, ಆ ಹೊತ್ತಿಗೆ ಪಲ್ಯ ಖಾಲಿ! ಜೋಳದ ರೊಟ್ಟಿ, ಪುಂಡಿಪಲ್ಯ, ಮೆಂತ್ಯ, ಹೆಸರುಕಾಳು ನಮ್ಮ ತಟ್ಟೆಗೂ ಬೀಳಲಿ. ಸಾಲದಿದ್ದರೆ ರಾತ್ರಿ ಇಸಬ್ಗೋಲ್, ಜೊತೆಗೆ ತುಂಬಿದ ಲೋಟ ನೀರು.

ಇನ್ನು ಬಸ್‌ಸ್ಟ್ಯಾಂಡಿನ ಗೋಡೆ ತುಂಬ ಕಾಣುವ ‘ಆಪರೇಷನ್ ಇಲ್ಲದೆ ಒಂದೇ ದಿನದಲ್ಲಿ ಗ್ಯಾರಂಟಿ’ ಬೋರ್ಡುಗಳು. ಹೆಂಗಸರ ನಾಚಿಕೆಯೇ ಅವರ ಬಂಡವಾಳ. ಏನು ಚುಚ್ಚುತ್ತಾರೆ, ಏನು ಹಚ್ಚುತ್ತಾರೆ ಯಾರಿಗೂ ಗೊತ್ತಿಲ್ಲ, ಅಲ್ಲಿ ಸುಟ್ಟುಕೊಂಡು ಬಂದವರು ಹೊರಗೆ ಹೇಳುವುದೂ ಇಲ್ಲ.

ನನಗೆ ನಿಜವಾದ ಭಯ ರಕ್ತದ್ದು. ಬಹಿರ್ದೆಸೆಯಾದ ಮೇಲೆ ಕೆಂಪಗೆ ಹನಿ ಹನಿ ಬಿದ್ದರೆ ಸಾಮಾನ್ಯವಾಗಿ ಮೂಲವ್ಯಾಧಿಯೇ ಇರುತ್ತದೆ. ಆದರೆ ಮಲದಲ್ಲೇ ರಕ್ತ ಬೆರೆತಿದ್ದರೆ, ಮಲ ಕಪ್ಪಗಿದ್ದರೆ, ತೂಕ ಇಳಿಯುತ್ತಿದ್ದರೆ, ಬಹಿರ್ದೆಸೆಯ ಅಭ್ಯಾಸವೇ ಬದಲಾಗಿದ್ದರೆ, ವಯಸ್ಸು ನಲವತ್ತು ದಾಟಿದ್ದರೆ ಒಂದು ದಿನವೂ ಕಾಯಬಾರದು. ಕರುಳಿನ ಕ್ಯಾನ್ಸರೂ ಹೀಗೇ ರಕ್ತ ತೋರಿಸುತ್ತದೆ. ‘ನಂದು ಹಳೇ ಪೈಲ್ಸ್’ ಅಂತ ಮುಲಾಮು ಹಚ್ಚುತ್ತ ಕೂತರೆ ತಿಂಗಳುಗಳು ಕಳೆದುಹೋಗುತ್ತವೆ. ಬರೀ ಮೂಲವ್ಯಾಧಿಯೇ ಆದರೂ ದಿನಾ ಹೋಗುವ ರಕ್ತ ಲೆಕ್ಕಕ್ಕೆ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ಹತ್ತಿರ ಮಂದಿಗೆ ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನಕ್ಕೇ ಸುಸ್ತು... ಅದನ್ನು ನಾವು ಮನೆಗೆಲಸದ ತಲೆಗೆ ಕಟ್ಟಿಬಿಡುತ್ತೇವೆ.

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಎಲ್ಲ ಕಡೆ ತಾಲ್ಲೂಕು ಆಸ್ಪತ್ರೆ ಇದೆ. ಲೇಡಿ ಡಾಕ್ಟರೇ ಬೇಕು ಅಂತ ಕೇಳಿ, ಇಲ್ಲದಿದ್ದರೆ ಪರೀಕ್ಷೆಯ ಹೊತ್ತಿಗೆ ನರ್ಸಮ್ಮ ಪಕ್ಕದಲ್ಲಿರಲಿ ಅನ್ನಿ, ಯಾರೂ ಬೇಡ ಅನ್ನುವುದಿಲ್ಲ. ಐದು ನಿಮಿಷದ ಪರೀಕ್ಷೆ ಅಷ್ಟೇ. ಹೋಗುವಾಗ ಸೀರೆಯ ಹಿಂದಿನ ಆ ಟ್ಯೂಬನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಏನು ಹಚ್ಚಿದ್ರಿ, ಎಷ್ಟು ದಿನ ಹಚ್ಚಿದ್ರಿ ಅಂತ ಡಾಕ್ಟರು ಮೊದಲು ಕೇಳುವುದೇ ಅದನ್ನು.