ಅಮ್ಮನ ಹಣಕ್ಕೆ ತೆರಿಗೆಯ ಭಯವೇಕೆ?

ಮಲವಗೊಪ್ಪದ ಸಹೋದರಿಯೊಬ್ಬರ ಪ್ರಶ್ನೆ ಹೀಗಿದೆ. ಪತಿ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾಗಿ, ಈಗ ತೀರಿಕೊಂಡಿದ್ದಾರೆ. ನಿವೃತ್ತಿಯ ಹಣದಲ್ಲಿ ಎಂಟು ಲಕ್ಷ ರೂಪಾಯಿ ಪತಿಯ ಹೆಸರಿನಲ್ಲಿ ಬ್ಯಾಂಕ್ ಠೇವಣಿಯಲ್ಲಿದೆ, ನಾಮಿನಿ ಇವರು. ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. "ಅಮ್ಮೀ, ನಿಮ್ಮ ನಂತರ ಇದರಲ್ಲಿ ಅರ್ಧ ಸರಕಾರಕ್ಕೆ ತೆರಿಗೆ ಹೋಗುತ್ತದೆ. ಈಗಲೇ ನನ್ನ ಖಾತೆಗೆ ಹಾಕಿಬಿಡಿ" ಎಂದು ಹಿರಿಯ ಮಗ ಒತ್ತಾಯಿಸುತ್ತಿದ್ದಾನೆ. ಹಾಕಬಹುದೇ?

ಸಹೋದರೀ, ಮೊದಲು ತೆರಿಗೆಯ ಭಯವನ್ನು ಬಿಡಿ. ತೀರಿಕೊಂಡವರ ಆಸ್ತಿಯ ಮೇಲೆ ನಮ್ಮ ದೇಶದಲ್ಲೂ ಹಿಂದೆ ತೆರಿಗೆ ಇತ್ತು. 1953ರ ಆ ಎಸ್ಟೇಟ್ ಡ್ಯೂಟಿಯನ್ನು 1985ರ ಮಾರ್ಚ್‌ನಲ್ಲಿ ಕೈಬಿಡಲಾಯಿತು. ಉಡುಗೊರೆ ಕೊಟ್ಟವರಿಗೆ ಹಾಕುತ್ತಿದ್ದ ಗಿಫ್ಟ್ ಟ್ಯಾಕ್ಸ್ ಕೂಡ 1998ರ ಅಕ್ಟೋಬರ್ 1ರಿಂದ ಇಲ್ಲ. 2024ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಅಮೆರಿಕದ ಪಿತ್ರಾರ್ಜಿತ ತೆರಿಗೆಯ ಬಗ್ಗೆ ಟಿ.ವಿ.ಯಲ್ಲಿ ದೊಡ್ಡ ಗದ್ದಲವಾಯಿತು, ಆದರೆ ಅಂಥ ಕಾನೂನು ಇಲ್ಲಿ ಬರಲಿಲ್ಲ. ಬ್ರಿಟನ್ನಿನಲ್ಲಿ ಮಾತ್ರ 3,25,000 ಪೌಂಡ್ ಮೀರಿದ ಆಸ್ತಿಗೆ ಸಾಮಾನ್ಯವಾಗಿ ಶೇ. 40 ತೆರಿಗೆಯಿದೆ, ಸಾಯುವ ಮುಂಚಿನ ಏಳು ವರ್ಷಗಳಲ್ಲಿ ಕೊಟ್ಟ ಉಡುಗೊರೆಗಳೂ ಆ ಲೆಕ್ಕಕ್ಕೆ ಬರಬಹುದು. ನಿಮ್ಮ ಮಗ ಇಂಥದ್ದನ್ನೇ ಎಲ್ಲೋ ಕೇಳಿ ಹೆದರಿರಬಹುದು. ಅವನ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅವನ ಮಾತು ಸರಿಯಲ್ಲ.

ನಿಜವಾದ ತೊಡಕು ಬೇರೆ ಇದೆ. ಈ ಎಂಟು ಲಕ್ಷವೂ ನಿಮ್ಮದೇ? ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯುವವರು, ಅಷ್ಟೆ. ಅದರಿಂದ ವಾರಸುದಾರರ ಹಕ್ಕು ಅಳಿಯುವುದಿಲ್ಲ. ಪತಿಯ ಅಂತ್ಯಸಂಸ್ಕಾರದ ಖರ್ಚು, ಸಾಲಗಳು ಮೊದಲು ತೀರಬೇಕು. ನಿಮಗೆ ಮಹ್ರ್ ಪೂರ್ತಿ ಸಂದಿಲ್ಲದಿದ್ದರೆ ಅದೂ ಪತಿಯ ಮೇಲಿನ ಸಾಲವೇ. (ಇದನ್ನು ಕೇಳಿ ಪಡೆಯುವ ವಿಧವೆಯರು ಎಷ್ಟು ಮಂದಿ?) ಪತಿಯ ತಂದೆತಾಯಿ ಮೊದಲೇ ತೀರಿಕೊಂಡಿದ್ದರೆ, ವಸೀಯತ್ ಏನೂ ಇಲ್ಲದಿದ್ದರೆ, ಉಳಿದ ಹಣದಲ್ಲಿ ಎಂಟನೇ ಒಂದು ಭಾಗ ನಿಮ್ಮದು. ಪೂರ್ತಿ ಎಂಟು ಲಕ್ಷ ಉಳಿದಿದೆ ಎಂದುಕೊಂಡರೆ ನಿಮಗೆ ಒಂದು ಲಕ್ಷ, ಗಂಡುಮಕ್ಕಳಿಗೆ ತಲಾ ಎರಡು ಲಕ್ಷ, ಹೆಣ್ಣುಮಕ್ಕಳಿಗೆ ತಲಾ ಒಂದು ಲಕ್ಷ. ಸೂರಃ ಅನ್ನಿಸಾದ ಲೆಕ್ಕ ಇಷ್ಟು ಸ್ಪಷ್ಟವಿದೆ. ಅಂದರೆ ದೊಡ್ಡ ಮಗನಿಗೆ ಎಲ್ಲವನ್ನೂ ಕೊಟ್ಟರೆ ನೀವು ನಿಮ್ಮದಲ್ಲದ ಏಳು ಲಕ್ಷವನ್ನು ಕೊಟ್ಟಂತೆ. ಅದರಲ್ಲಿ ಮೂರು ಲಕ್ಷ ನಿಮ್ಮ ಹೆಣ್ಣುಮಕ್ಕಳದು. "ಅವರಿಗೆ ಮದುವೆಯಲ್ಲಿ ಕೊಟ್ಟಾಯಿತಲ್ಲ" ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ ಕೇಳುತ್ತದೆ. ಮದುವೆಯ ಖರ್ಚಿನಿಂದ ವಾರಸಿನ ಹಕ್ಕು ತೀರುವುದಿಲ್ಲ.

ನಿಮ್ಮ ಸ್ವಂತ ಪಾಲನ್ನು ಬದುಕಿರುವಾಗಲೇ ಕೊಡಲು ನಿಮಗೆ ಹಕ್ಕಿದೆ. ಅದು ಹಿಬಾ. ಕೊಡುತ್ತೇನೆ ಎನ್ನಬೇಕು, ಪಡೆಯುವವರು ಒಪ್ಪಬೇಕು, ಹಣ ಅವರ ಕೈ ಸೇರಬೇಕು. ಮರಣಶಯ್ಯೆಯಲ್ಲಿ ಕೊಟ್ಟರೆ ಮಾತ್ರ ವಸೀಯತ್‌ನ ಮಿತಿಗಳೇ ಅನ್ವಯಿಸುತ್ತವೆ. ಒಬ್ಬ ಮಗನಿಗಷ್ಟೇ ಉಡುಗೊರೆ ಕೊಟ್ಟು ಸಾಕ್ಷಿಯಾಗಲು ಕೇಳಿಕೊಂಡ ತಂದೆಗೆ ಪ್ರವಾದಿ(ಸ)ರು ಎಲ್ಲ ಮಕ್ಕಳಿಗೂ ಹೀಗೇ ಕೊಟ್ಟಿದ್ದೀಯಾ ಎಂದು ವಿಚಾರಿಸಿ, ಇಲ್ಲವೆಂದಾಗ ಸಾಕ್ಷಿಯಾಗಲು ಒಪ್ಪಲಿಲ್ಲ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದು ವರದಿಯಾಗಿದೆ.

ಇನ್ನು ಆದಾಯ ತೆರಿಗೆ. ತಾಯಿ ಮಗನಿಗೆ, ಮಗಳು ತಾಯಿಗೆ, ಅಣ್ಣ ತಂಗಿಗೆ ಎಷ್ಟು ಕೊಟ್ಟರೂ ಪಡೆದವರಿಗೆ ತೆರಿಗೆಯಿಲ್ಲ. ವಾರಸಾಗಿ ಬಂದ ಹಣಕ್ಕೂ ಇಲ್ಲ. ಬಂಧುಗಳಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ಮೀರಿ ಬಂದರೆ, ಹೆಚ್ಚುವರಿ ಮಾತ್ರವಲ್ಲ, ಇಡೀ ಮೊತ್ತ ಪಡೆದವರ ಆದಾಯವಾಗುತ್ತದೆ. ನಿಕಾಹ್‌ನಲ್ಲಿ ವಧೂವರರಿಗೆ ಬಂದ ಉಡುಗೊರೆಗೆ ವಿನಾಯಿತಿ ಇದೆ. ಅಕೀಕಾ, ಗೃಹಪ್ರವೇಶಗಳಿಗೆ ಇಲ್ಲ. ನಗದಿನ ವಿಷಯದಲ್ಲಿ ಎಚ್ಚರವಿರಲಿ. ಒಬ್ಬರಿಂದ ಒಂದೇ ದಿನ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು 2017ರ ಏಪ್ರಿಲ್‌ನಿಂದ ನಿಷೇಧಿಸಲಾಗಿದೆ. ಕೊಟ್ಟವರು ಸ್ವಂತ ತಾಯಿಯಾದರೂ ಅಷ್ಟೇ ಮೊತ್ತದ ದಂಡ ಬೀಳಬಹುದು. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕೊಡಿ. ಯಾರು ಯಾರಿಗೆ ಯಾವ ದಿನ ಕೊಟ್ಟರೆಂದು ಬರೆದು ಇಬ್ಬರೂ ಸಹಿ ಮಾಡಿಟ್ಟುಕೊಳ್ಳಿ.

ಸೌದಿಯಲ್ಲಿರುವ ನಿಮ್ಮ ತಂಗಿಯ ಮಗ ರಮಝಾನ್‌ಗೆಂದು ಕಳಿಸಿದ 60,000ದ ಬಗ್ಗೆಯೂ ಕೇಳಿದ್ದೀರಿ. ಇಲ್ಲಿ ಕಾನೂನು ಸ್ವಲ್ಪ ವಿಚಿತ್ರವಾಗಿದೆ. ಖಾಲಾ ತಂಗಿಯ ಮಗನಿಗೆ ಕೊಟ್ಟರೆ ಅವನ ಬಂಧುಗಳ ಪಟ್ಟಿಯಲ್ಲಿ ಖಾಲಾ ಇದ್ದಾಳೆ, ತೆರಿಗೆಯಿಲ್ಲ. ಅವನೇ ಖಾಲಾಗೆ ಕೊಟ್ಟರೆ ಆಕೆಯ ಪಟ್ಟಿಯಲ್ಲಿ ಅವನಿಲ್ಲ! ಆದ್ದರಿಂದ ಆ 60,000 ನಿಮ್ಮ ಆದಾಯಕ್ಕೆ ಸೇರುತ್ತದೆ. ಗಾಬರಿ ಬೇಡ. 2025ರ ಬಜೆಟ್ ನಂತರ ಹೊಸ ಪದ್ಧತಿಯಲ್ಲಿ ನಾಲ್ಕು ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯಿಲ್ಲ. ಠೇವಣಿಯ ಬಡ್ಡಿಯಲ್ಲಿ ನಿಮ್ಮ ಪಾಲು ಮತ್ತು ಈ ಹಣ ಸೇರಿದರೂ ನೀವು ಅದರ ಹತ್ತಿರಕ್ಕೂ ಬರುವುದಿಲ್ಲ.