ಸಹಿ ಹಾಕಲು ಯಾರೂ ಇರಲಿಲ್ಲ

1998ರಲ್ಲಿ ಐಬಿಎಂ ಕಂಪನಿ ಪೇಚಿಗೆ ಸಿಕ್ಕಿತು. ತನ್ನ ವೆಬ್‌ಸ್ಫಿಯರ್ ತಂತ್ರಾಂಶದ ಜೊತೆ, ಜಾಲತಾಣಗಳ ಪುಟಗಳನ್ನು ಒದಗಿಸುವ ಅಪಾಚೆ ವೆಬ್ ಸರ್ವರನ್ನೂ ಸೇರಿಸಿ ಕೊಡಬೇಕೆಂಬುದು ಅದರ ಲೆಕ್ಕಾಚಾರ. ಆದರೆ ಒಪ್ಪಂದ ಮಾಡಿಕೊಳ್ಳೋಣವೆಂದರೆ ಆ ಕಡೆ ಕಂಪನಿಯೂ ಇಲ್ಲ, ಸಹಿ ಹಾಕುವ ಅಧಿಕಾರಿಯೂ ಇಲ್ಲ. ಇದ್ದವರು ಬೇರೆ ಬೇರೆ ಊರುಗಳಲ್ಲಿ ಕೂತು ಇಮೇಲ್‌ನಲ್ಲೇ ವಾದ ಮಾಡುತ್ತಿದ್ದ ಒಂದಷ್ಟು ಪ್ರೋಗ್ರಾಮರ್‌ಗಳು.

ಅವರೆಲ್ಲ ಒಟ್ಟಾದದ್ದು ಗತ್ಯಂತರವಿಲ್ಲದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಬರೆದಿದ್ದ ಸರ್ವರ್ ತಂತ್ರಾಂಶ ಆಗ ಬಲು ಜನಪ್ರಿಯ. 1994ರ ನಡುವಿನಲ್ಲಿ ಮೆಕೂಲ್ ಕೆಲಸ ಬಿಟ್ಟು ಹೊರಟರು, ತಂತ್ರಾಂಶವನ್ನು ಕೇಳುವವರಿಲ್ಲವಾಯಿತು. ದೋಷ ಕಂಡವರು ತಂತಮ್ಮ ಪ್ರತಿಗೆ ತಾವೇ ತೇಪೆ ಹಾಕಿಕೊಂಡರು. ಒಬ್ಬ ಸರಿಪಡಿಸಿದ್ದನ್ನೇ ಇನ್ನೊಬ್ಬ ಮತ್ತೆ ಸರಿಪಡಿಸುವ ಈ ವ್ಯರ್ಥ ಶ್ರಮ ಸಾಕೆನಿಸಿ 1995ರ ಫೆಬ್ರುವರಿಯಲ್ಲಿ ಎಂಟು ಜನ ಕೈಜೋಡಿಸಿದರು. ಅವರನ್ನು ಕಲೆಹಾಕಿದವರಲ್ಲಿ ಒಬ್ಬರು ಬ್ರಯಾನ್ ಬೆಲೆಂಡಾರ್ಫ್. ಆಗಿನ್ನೂ 22 ತುಂಬದ, ಸ್ಯಾನ್ ಫ್ರಾನ್ಸಿಸ್ಕೊದ ಸಂಗೀತ ಕೂಟಗಳ ಹುಚ್ಚಿದ್ದ ಹುಡುಗ. ಇನ್ನೊಬ್ಬ ಸದಸ್ಯ ರಾಯ್ ಫೀಲ್ಡಿಂಗ್, ವೆಬ್ ಬಳಸುವ ಎಚ್‌ಟಿಟಿಪಿ ನಿಯಮಾವಳಿ ಬರೆದವರ ಪೈಕಿ ಒಬ್ಬರು.

ಒಂದೂವರೆ ವರ್ಷ ಕಳೆಯುವ ಮೊದಲೇ ಅವರ ಅಪಾಚೆ ಸರ್ವರ್ ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯದಾಗಿತ್ತು.

ಗುಂಪಿನ ಕೆಲಸದ ರೀತಿಯೇ ಸೊಗಸು. ಒಪ್ಪಿಗೆಯಿದ್ದರೆ +1, ಇಲ್ಲದಿದ್ದರೆ -1. ಕೋಡ್ ಬದಲಾವಣೆಯನ್ನು ಒಂದೇ ಒಂದು -1 ತಡೆಯಬಲ್ಲದು, ಆದರೆ ಅದರ ಜೊತೆ ತಾಂತ್ರಿಕ ಕಾರಣ ಕೊಡಲೇಬೇಕು. ‘ನನಗೆ ಹಿಡಿಸಲಿಲ್ಲ’ ಎಂದರೆ ನಡೆಯದು. ನಮ್ಮ ಸಂಘ ಸಂಸ್ಥೆಗಳ ಸಭೆಗಳಲ್ಲೂ ಇದನ್ನು ಪ್ರಯೋಗಿಸಿ ನೋಡಬಹುದು!

ಐಬಿಎಂ ಪೇಚಿಗೆ ಸಿಕ್ಕಿದ ಮರುವರ್ಷ, 1999ರಲ್ಲಿ, ಈ ಗುಂಪು ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯಾಗಿ ನೋಂದಣಿಯಾಯಿತು. ಬೆಲೆಂಡಾರ್ಫ್ ಅದರ ಮೊದಲ ಅಧ್ಯಕ್ಷರು. ಅಲ್ಲಿಯವರೆಗೆ ಯಾರಾದರೂ ಮೊಕದ್ದಮೆ ಹೂಡಿದ್ದರೆ ಒಬ್ಬೊಬ್ಬ ಪ್ರೋಗ್ರಾಮರ್ ಸ್ವಂತ ಹೊಣೆಯಲ್ಲಿ ಕೋರ್ಟಿಗೆ ಅಲೆಯಬೇಕಾಗಿತ್ತು. ಆ ಭಯ ಹೋಯಿತು. ಅದಕ್ಕಿಂತ ಜಾಣತನದ ನಿಯಮ ಇನ್ನೊಂದಿತ್ತು: ಸದಸ್ಯತ್ವ ವ್ಯಕ್ತಿಗಳಿಗೆ ಮಾತ್ರ. ಕಂಪನಿಗಳು ದೇಣಿಗೆ ಕೊಡಬಹುದು, ಆದರೆ ಕುರ್ಚಿ ಕೊಳ್ಳುವಂತಿಲ್ಲ. ಸಂಸ್ಥೆ ಯಾವ ದೈತ್ಯ ಕಂಪನಿಯ ಜೇಬಿಗೂ ಸೇರದೆ ಉಳಿದದ್ದರಲ್ಲಿ ಈ ನಿಯಮದ ಪಾಲು ದೊಡ್ಡದು.

ಆದರೆ ಸ್ಥಾಪಕರು ಬಗೆಹರಿಸದೆ ಬಿಟ್ಟ ವಿಷಯ ಒಂದಿದೆ, ದುಡ್ಡು. ಕೋಡ್ ಬರೆಯಲು ಸಂಸ್ಥೆ ಯಾರಿಗೂ ಸಂಬಳ ಕೊಡುವುದಿಲ್ಲ. ಹಾಗೆ ಕೊಟ್ಟರೆ ಸ್ವಯಂಸೇವಕರಲ್ಲಿ ಮೇಲು ಕೀಳು ಹುಟ್ಟುತ್ತದೆಂಬ ಆತಂಕ ಸುಳ್ಳಲ್ಲ. ಆದರೆ ಸಂಬಳ ಕೊಡದ ಈ ಪದ್ಧತಿಯ ಬೆಲೆ ಎಷ್ಟೆಂದು ಗೊತ್ತಾದದ್ದು 2021ರ ಡಿಸೆಂಬರ್‌ನಲ್ಲಿ. ಜಾವಾ ಪ್ರೋಗ್ರಾಂಗಳು ತಮ್ಮ ಚಟುವಟಿಕೆ ದಾಖಲಿಸಲು ಬಳಸುವ ಲಾಗ್4ಜೆ ಎಂಬ ಅಪಾಚೆ ತಂತ್ರಾಂಶದಲ್ಲಿ ಭಾರಿ ಲೋಪ ಬಯಲಾಯಿತು. ದೂರದಲ್ಲಿ ಕೂತವನು ಒಂದು ಸಾಲು ಕಳಿಸಿ ಸರ್ವರನ್ನೇ ಕೈವಶ ಮಾಡಿಕೊಳ್ಳಬಹುದಿತ್ತು. ಬ್ಯಾಂಕ್, ಸರ್ಕಾರ, ಕ್ಲೌಡ್ ಕಂಪನಿ ಎಲ್ಲವೂ ಬೆಚ್ಚಿಬಿದ್ದವು. ನಿದ್ದೆಗೆಟ್ಟು ಅದನ್ನು ಸರಿಪಡಿಸಿದವರು ಬೆರಳೆಣಿಕೆಯ ಸ್ವಯಂಸೇವಕರು. ಬಿಟ್ಟಿ ಬಳಸಿದವರೇ ಅವರನ್ನು ಗದರಿದ್ದು ಬೇರೆ.

ಇಂಥ ತಂತ್ರಾಂಶಗಳ ಮೇಲೆಯೇ ನಿಂತಿರುವ ಬೆಂಗಳೂರು ಇದನ್ನು ದೂರದ ಸುದ್ದಿ ಎಂದುಕೊಳ್ಳುವಂತಿಲ್ಲ. ಇಲ್ಲಿನ ಝೆರೋಧಾ ಕಂಪನಿ 2024ರಲ್ಲಿ ಫ್ಲಾಸ್ ಫಂಡ್ ಎಂಬ ನಿಧಿ ಆರಂಭಿಸಿ, ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕೊಡುವುದಾಗಿ ಘೋಷಿಸಿತು. ಒಳ್ಳೆಯ ಮೇಲ್ಪಂಕ್ತಿ. ಉಳಿದ ಕಂಪನಿಗಳೂ ಲೈಸೆನ್ಸ್ ಶುಲ್ಕಕ್ಕೆ ಹಣ ತೆಗೆದಿಡುವಂತೆ ಮುಕ್ತ ತಂತ್ರಾಂಶಕ್ಕೂ ಬಜೆಟ್‌ನಲ್ಲಿ ಹಣ ಇಡಬೇಕು. ಅಪಾಚೆಗೆ ದೇಣಿಗೆ ಕಳಿಸಿ ಕೈತೊಳೆದುಕೊಂಡರೆ ಅದು ಕೋಡ್ ಬರೆಯುವವರ ಸಂಬಳವಾಗುವುದಿಲ್ಲ. ಲಾಗ್4ಜೆಯಂಥವನ್ನು ನೋಡಿಕೊಳ್ಳುವವರನ್ನು ಕಂಪನಿಗಳೇ ಸಂಬಳಕ್ಕೆ ಇಟ್ಟುಕೊಳ್ಳಬೇಕು, ಇಲ್ಲವೇ ತಮ್ಮ ಎಂಜಿನಿಯರ್‌ಗಳು ಕಚೇರಿ ಸಮಯದಲ್ಲೇ ಆ ಕೆಲಸ ಮಾಡಲು ಬಿಡಬೇಕು.