ದಿನ ಎಣಿಸಿದ್ದು ಸಾಕು, ನೀರು ಅಳೆಯಿರಿ

ಹುಬ್ಬಳ್ಳಿ-ಧಾರವಾಡದಲ್ಲಿ ನೀರಿನ ಮಾತೆಂದರೆ ಒಂದೇ ಪ್ರಶ್ನೆ: ನಳ ಯಾವಾಗ ಬರತೈತಿ? ಪಾಲಿಕೆ ಸಭೆಯಲ್ಲಿ ಸದಸ್ಯರು ಕೂಗಾಡುವುದೂ ಅದಕ್ಕೇ, ಅಧಿಕಾರಿಗಳು ಗಡುವು ಹೇಳುವುದೂ ಅದಕ್ಕೇ. ಬಂದ ನೀರು ಎಂಥದ್ದು ಎಂದು ಕೇಳುವವರು ಕಡಿಮೆಯಾಗಿದ್ದಾರೆ. ದಿನಗಟ್ಟಲೆ ಕಾದು ಹಿಡಿದ ನೀರಿನ ಗುಣ ವಿಚಾರಿಸುವುದೇ ಅತಿಯಾಸೆ ಅನಿಸುವ ಮಟ್ಟಕ್ಕೆ ಊರು ಇಳಿದಿದೆ. ನಮ್ಮ ಆತಂಕ ಇದರದ್ದು.

ಹಾಗೆಂದು ಇಲ್ಲಿನ ನೀರನ್ನು ಯಾರೂ ಅಳೆದಿಲ್ಲ ಎನ್ನುವಂತಿಲ್ಲ. ಕುಡಿಯುವ ನೀರಿನ ಸಂಶೋಧಕರಿಗೆ ನಮ್ಮ ಅವಳಿ ನಗರದ ಹೆಸರು ಚೆನ್ನಾಗಿಯೇ ಗೊತ್ತು. 2008ರ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಕೆಲವು ವಾರ್ಡುಗಳಿಗೆ ಇಡೀ ದಿನ ನೀರು ಬರತೊಡಗಿತು. ಉಳಿದವರ ಕಾಯುವಿಕೆ ಮುಂದುವರಿಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಒಂದು ವರ್ಷ ಎರಡೂ ಕಡೆಯ ನೀರು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೂರೈಕೆಯ ಟ್ಯಾಂಕುಗಳಲ್ಲಿ ಎರಡೂ ಕಡೆಯ ನೀರು ಹೆಚ್ಚುಕಡಿಮೆ ಒಂದೇ ತೆರ. ನಳಕ್ಕೆ ಬರುವಷ್ಟರಲ್ಲಿ ಲೆಕ್ಕ ತಿರುಗಿತ್ತು. ಸತತ ಪೂರೈಕೆಯ ನಳಗಳಿಂದ ಹಿಡಿದ ಮಾದರಿಗಳ ಪೈಕಿ ಶೇ 0.7ರಲ್ಲಿ ಇ-ಕೊಲೈ ಸಿಕ್ಕರೆ, ಬಿಟ್ಟು ಬಿಟ್ಟು ಬರುವ ನಳಗಳಲ್ಲಿ ಶೇ 31.7ರಲ್ಲಿ ಸಿಕ್ಕಿತು. ಇ-ಕೊಲೈ ಇದೆಯೆಂದರೆ ನೀರಿಗೆ ಮಲ ಸೇರಿದೆ ಎಂದರ್ಥ.

ದೋಷ ಹುಟ್ಟಿದ್ದು ಪೈಪಿನಲ್ಲಿ. ನೀರು ನಿಂತ ದಿನ ಪೈಪು ಖಾಲಿ ಬೀಳುತ್ತದೆ, ಒತ್ತಡ ಇಲ್ಲವಾಗುತ್ತದೆ, ಬಿರುಕು ಮತ್ತು ಸಡಿಲ ಜೋಡಣೆಗಳಲ್ಲಿ ಪಕ್ಕದ ಗಟಾರದ ನೀರು ಒಳಗಿಳಿಯುತ್ತದೆ. ನೀರು ಬಿಟ್ಟ ಮೇಲೆ ಮನೆಮನೆಯಲ್ಲಿ ಮೋಟರ್ ಹಚ್ಚಿ ಎಳೆದರೆ ಕೇಳುವುದೇ ಬೇಡ. ನಳ ಬಂದ ಕೂಡಲೇ ಮೊದಲ ಕೊಡದ ನೀರನ್ನು ಅಂಗಳಕ್ಕೆ ಚೆಲ್ಲಿ ಆಮೇಲೆ ಹಿಡಿಯುವ ನಮ್ಮ ಹೆಣ್ಣುಮಕ್ಕಳಿಗೆ ಇದು ಗೊತ್ತಿತ್ತು. ಮೊದಲು ಬರುವ ನೀರೇ ಹೆಚ್ಚು ಕೆಟ್ಟದ್ದೆಂದು ಅದೇ ಸಂಶೋಧಕರು 2014ರಲ್ಲಿ ಬರೆದರು. ಹೆಣ್ಣುಮಕ್ಕಳು ಅದನ್ನು ಬಣ್ಣ, ವಾಸನೆಯಿಂದಲೇ ಕಂಡುಕೊಂಡಿದ್ದರು.

ದೋಷ ಪೈಪಿನಲ್ಲಿ ಎಂದು ಗುರುತಿಸಿದ ಹಾಗೆ, ಸರಕು ಕೆಟ್ಟ ಮೇಲೆ ಆರಿಸಿ ಎಸೆಯುವ ಬದಲು ಯಾವ ಹಂತದಲ್ಲಿ ಕೆಡುತ್ತದೆಂದು ಹುಡುಕುವುದು ಕಾರ್ಖಾನೆಗಳಿಗೆ ಹಳೆಯ ಪಾಠ. ಅಮೆರಿಕದ ವಾಲ್ಟರ್ ಶೆವಾರ್ಟ್ 1924ರಲ್ಲೇ ನಿಯಂತ್ರಣ ನಕ್ಷೆ ರೂಪಿಸಿದ್ದರು. ದಿನದಿನದ ಅಳತೆಯನ್ನು ಅದರಲ್ಲಿ ಗುರುತಿಸುತ್ತ ಹೋದರೆ ಸಹಜ ಏರಿಳಿತ ಯಾವುದು, ಅಪಾಯದ ಸೂಚನೆ ಯಾವುದು ಎಂದು ಮುಂಚೆಯೇ ತಿಳಿಯುತ್ತದೆ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸರ ಕರೆಗೆ ಓಗೊಟ್ಟು 1947-48ರಲ್ಲಿ ಶೆವಾರ್ಟ್ ಭಾರತಕ್ಕೂ ಬಂದು ಹೋದರು. 1980ರ ದಶಕದಲ್ಲಿ ಮೊಟೊರೋಲಾ ಕಂಪನಿ ಇದೇ ದಾರಿಯಲ್ಲಿ ಸಿಕ್ಸ್ ಸಿಗ್ಮಾ ತಂದಿತು. ಅದರ ಗುರಿ ಹತ್ತು ಲಕ್ಷಕ್ಕೆ 3.4 ದೋಷ. ಮೇಲಿನ ಅಧ್ಯಯನದ ಬಿಟ್ಟು ಬಿಟ್ಟು ಬರುವ ನಳಗಳನ್ನು ಅದೇ ತಕ್ಕಡಿಗೆ ಹಾಕಿದರೆ ಹತ್ತು ಲಕ್ಷಕ್ಕೆ 3,17,000.

ಅಳತೆಯ ಶಿಸ್ತು ಈ ಊರಿಗೆ ಹೊರಗಿನದೇನಲ್ಲ. ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ತಯಾರಾಗುವಾಗ ಬಟ್ಟೆ, ಬಣ್ಣ, ಚಕ್ರ, ಹೊಲಿಗೆ ಎಲ್ಲಕ್ಕೂ ತಪಾಸಣೆ ಉಂಟು. ಧ್ವಜದ ಮಾನದಂಡ ಐಎಸ್ 1, ಕುಡಿಯುವ ನೀರಿನದು ಐಎಸ್ 10500. ಎರಡೂ ಒಂದೇ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ರೂಪಿಸಿದವು. 100 ಮಿಲಿಲೀಟರ್ ನೀರಿನಲ್ಲಿ ಒಂದು ಇ-ಕೊಲೈ ಕೂಡ ಕಾಣಬಾರದೆಂದು ಎರಡನೆಯದು ಹೇಳುತ್ತದೆ. ಧ್ವಜಕ್ಕೆ ತೋರಿದ ಕಟ್ಟುನಿಟ್ಟನ್ನು ಕೊಡದೊಳಗಿನ ನೀರಿಗೆ ತೋರಲು ಅಡ್ಡಿಯೇನು?

ಕೆಟ್ಟ ನೀರಿಗೆ ಬೆಲೆ ತೆರುವವರು ಯಾರೆಂಬುದೂ ದಾಖಲಾಗಿದೆ. ಇಲ್ಲಿಯ 3,922 ಕುಟುಂಬಗಳ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸತತ ನೀರಿದ್ದ ಕಡೆ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಶೇ 37ರಷ್ಟು ಕಡಿಮೆ, ವಿಷಮಶೀತ ಜ್ವರವೂ ಕಡಿಮೆ. ಒಟ್ಟಾರೆ ಭೇದಿ ಮಾತ್ರ ಅಷ್ಟೇನೂ ಇಳಿದಿರಲಿಲ್ಲ. ಸತತ ನೀರು ಬಂದ ಮನೆಗಳಲ್ಲೂ ಹೆಚ್ಚಿನವರು ಕುಡಿಯುವ ನೀರು ತುಂಬಿಡುವುದನ್ನು ಬಿಟ್ಟಿರಲಿಲ್ಲ, ತುಂಬಿಟ್ಟ ನೀರು ಮತ್ತೆ ಕೆಡುತ್ತಿತ್ತು. ಅವರನ್ನು ದೂರುವಂತಿಲ್ಲ. ನಾಳೆಯೂ ನೀರು ಬರುತ್ತದೆಂಬ ನಂಬಿಕೆ ಒಂದೆರಡು ವರ್ಷದಲ್ಲಿ ಹುಟ್ಟುವಂಥದ್ದಲ್ಲ.

82 ವಾರ್ಡುಗಳಿಗೂ 24×7 ನೀರು ಬರುವುದು ಎಂದೋ! ಅಲ್ಲಿಯತನಕ ಅಳತೆಗೇನೂ ಕಾಯಬೇಕಿಲ್ಲ. ಪ್ರತಿ ಪೂರೈಕೆ ವಲಯದ ಕೊನೆಯ ನಳದಲ್ಲಿ, ನೀರು ಬಿಟ್ಟ ಆರಂಭದಲ್ಲೊಮ್ಮೆ, ತುಸು ಹೊತ್ತಿನ ಬಳಿಕ ಇನ್ನೊಮ್ಮೆ ಒತ್ತಡ ಮತ್ತು ಉಳಿಕೆ ಕ್ಲೋರಿನ್ ನೋಡಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಇದೆಯೇ ಎಂದು ತಿಳಿಯಲು ಸಣ್ಣದೊಂದು ಕಿಟ್ ಸಾಕು; ವಾಲ್ವ್‌ಮನ್‌ಗಳೇ ಮಾಡಬಲ್ಲರು. ಇ-ಕೊಲೈ ಪರೀಕ್ಷೆ ಪ್ರಯೋಗಾಲಯದ ಕೆಲಸ, ಅದು ನೀರು ಪೂರೈಸುವ ಗುತ್ತಿಗೆ ಕಂಪನಿಯ ಕೈಯಲ್ಲಿ ಇರಕೂಡದು. ಎಲ್ಲ ಅಂಕಿಗಳ ನಕ್ಷೆಯನ್ನು ಆಯಾ ವಲಯ ಕಚೇರಿಯ ಗೋಡೆಗೆ ಅಂಟಿಸಲಿ. ಇಡೀ ನಗರದ ಸರಾಸರಿ ತೋರಿಸಿ ಕೈತೊಳೆದುಕೊಳ್ಳುವುದು ಬೇಡ. ಸರಾಸರಿಯಲ್ಲಿ ಹಳೇ ಹುಬ್ಬಳ್ಳಿಯ ಓಣಿಯೊಂದರ ಕೊನೆಯ ನಳ ಕಾಣುವುದಿಲ್ಲ.

ಮಳೆಗಾಲದಲ್ಲಿ ಗಮನಾರ್ಹವಾಗಿ ಕೆಟ್ಟದ್ದು ಬಿಟ್ಟು ಬಿಟ್ಟು ಬರುವ ನಳಗಳ ನೀರು ಮಾತ್ರ ಎಂಬುದು 2013ರ ವರದಿಯಲ್ಲೇ ಇದೆ. ಆದ್ದರಿಂದ ಮೊದಲ ಮಾದರಿ ಬರುವ ಮಳೆಗಾಲದ್ದೇ ಇರಲಿ. ಅದನ್ನು ಯಾರು ತೆಗೆಯುತ್ತಾರೆ, ಎಲ್ಲಿ ಪರೀಕ್ಷಿಸುತ್ತಾರೆ, ಫಲಿತಾಂಶದ ಕೆಳಗೆ ಯಾರ ಸಹಿ ಇರುತ್ತದೆ ಎಂಬುದನ್ನು ಪಾಲಿಕೆ ಆಯುಕ್ತರು ಮುಂದಿನ ಸಾಮಾನ್ಯ ಸಭೆಯಲ್ಲಿ ಲಿಖಿತವಾಗಿ ಮಂಡಿಸಬೇಕು.